ಫೋಟಾನ್ ಕ್ಯಾರಂ ಕಾಯಿ ಅಲ್ಲ ಕಣ್ರೀ

ನಿನ್ನೆ ಸಂಜೆ ಮಂಡ್ಯದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಬಿಎಸ್ಸಿ ಕೊನೇ ವರ್ಷ. ಜಗಲಿ ಮೇಲೆ ಕೂತು ಕಾಂಪ್ಟನ್ ಪರಿಣಾಮ ಉರು ಹೊಡೆಯುತ್ತಿದ್ದಳು. ಎಕ್ಸ್-ಕಿರಣದಂಥ ಬೆಳಕು ಎಲೆಕ್ಟ್ರಾನ್‌ನಿಂದ ಚದುರಿ, ಒಂದಿಷ್ಟು ಶಕ್ತಿ ಕಳೆದುಕೊಳ್ಳುವುದಕ್ಕೆ ಆ ಹೆಸರು. ಸುಮ್ನೆ ನೋಟ್ಸ್ ಇಣುಕಿದೆ. ಎಲೆಕ್ಟ್ರಾನ್ ಅಂತ ಮುದ್ದೆಯಂಥ ಒಂದು ಉಂಡೆ. ಫೋಟಾನ್ ಅಂತ, ಅಂದರೆ ಬೆಳಕಿನ ಕಣ ಅಂತ, ಒಂದು ಗೋಲಿ. ಗೋಲಿ ಬಂದು ಉಂಡೆಗೆ ಬಡಿದು ಪಕ್ಕಕ್ಕೆ ಹಾರುತ್ತದೆ. ಕೆಳಗೆ ಕೆಂಪು ಇಂಕಿನಲ್ಲಿ 'ಕ್ಯಾರಂ ನೆನಪಿಟ್ಟುಕೊಳ್ಳಿ' ಅಂತ ಉಪದೇಶ. ಮೈಯೆಲ್ಲ ಉರಿದುಹೋಯಿತು.

ನಿಮಗೆ ಗೊತ್ತಲ್ಲ, ರಿಟೈರ್ ಆದ ಮೇಲೆ ನನಗೆ ಜಗಳಕ್ಕೆ ಸಿಗುವುದು ಇಂಥವೇ.

ಬಡಿದು ಹಾರುವ ಫೋಟಾನ್ ಅನ್ನೋದೇ ಇಲ್ಲ ರೀ. ಕಣಗಳು ಹುಟ್ಟುವುದು, ಅಳಿಯುವುದನ್ನು ಲೆಕ್ಕ ಹಾಕುವ ಕ್ವಾಂಟಂ ಕ್ಷೇತ್ರ ಸಿದ್ಧಾಂತದಲ್ಲಿ, ಬಂದ ಫೋಟಾನ್ ಕಥೆ ಅಲ್ಲಿಗೇ ಮುಗಿಯಿತು. ಎಲೆಕ್ಟ್ರಾನ್ ಅದನ್ನು ನುಂಗಿಬಿಡುತ್ತದೆ. ಹೊರಗೆ ಹೋಗುವುದು ಆಗ ಹುಟ್ಟಿದ ಇನ್ನೊಂದು. ಮಂಡ್ಯದ ಬ್ಯಾಂಕಿನಲ್ಲಿ 500 ರೂಪಾಯಿ ಕಟ್ಟಿ, ಮೈಸೂರಿನ ಎಟಿಎಂನಲ್ಲಿ ತೆಗೆದು, 'ಅದೇ ನೋಟು ಬಂತಾ?' ಅಂತ ಯಾರಾದರೂ ಕೇಳುತ್ತಾರಾ?

ಇನ್ನೊಂದು ಮಜಾ ಇದೆ. ಎಲೆಕ್ಟ್ರಾನ್ ಮೊದಲು ಹೊಸ ಫೋಟಾನ್ ಬಿಟ್ಟು, ಬಂದದ್ದನ್ನು ಆಮೇಲೆ ನುಂಗುವ ದಾರಿಯೂ ಲೆಕ್ಕಕ್ಕೆ ಸೇರಬೇಕು. ಒಂಥರಾ ಕೈಸಾಲ. ದುಡ್ಡು ಮೊದಲು, ಕಟ್ಟುವುದು ಆಮೇಲೆ. ಎರಡರಲ್ಲಿ ನಿಜವಾಗಿ ನಡೆದದ್ದು ಯಾವುದು ಅಂತ ಕೇಳುವ ಹಾಗಿಲ್ಲ. ಎರಡು ದಾರಿಗೂ ಲೆಕ್ಕದಲ್ಲಿ ಒಂದೊಂದು ಸಂಖ್ಯೆ ಇರುತ್ತದೆ, ಅವೆರಡನ್ನೂ ಕೂಡಿಸಿ, ಆಮೇಲೆ ವರ್ಗ ಮಾಡಿದರೆ ಮಾತ್ರ ಸರಿಯಾದ ಸಂಭವ ಸಿಗುತ್ತದೆ. ಭೌತವಿಜ್ಞಾನಿ ಫೈನ್‌ಮನ್ 1949ರಲ್ಲಿ ಪ್ರಕಟಿಸಿದ ಗೆರೆಚಿತ್ರಗಳು ಈ ಲೆಕ್ಕ ಬರೆದಿಡುವ ಗುರುತುಗಳು. ಅವನ್ನೂ ಫೋಟೋ ಅಂದುಕೊಳ್ಳುವವರಿದ್ದಾರೆ, ಅವರ ಸುದ್ದಿ ಇವತ್ತು ಬೇಡ.

"ಮಾವ, ಕಾಂಪ್ಟನ್ನೇ ಚೆಂಡಿನ ಹಾಗೆ ಲೆಕ್ಕ ಹಾಕಿ ನೊಬೆಲ್ ತಗೊಂಡ್ರಲ್ವಾ? ಎಕ್ಸಾಮ್‌ಗೆ ಇಷ್ಟು ಸಾಕು, ಸುಮ್ನಿರಿ," ಅಂದಳು.

ತಗೊಂಡರು, ಇಲ್ಲ ಅಂದವರಾರು? 1923ರ ಆ ಲೆಕ್ಕದಲ್ಲಿ ಬೆಳಕು 90 ಡಿಗ್ರಿ ತಿರುಗಿದರೆ ತರಂಗದೂರ 0.00243 ನ್ಯಾನೋಮೀಟರ್ ಜಾಸ್ತಿಯಾಗುತ್ತದೆ. ಪಕ್ಕಾ ಸರಿ. ಆದರೆ ಅದು ಶಕ್ತಿ, ಸಂವೇಗಗಳ ಜಮಾ-ಖರ್ಚು ಅಷ್ಟೇ. ಸಂಜೆ ಗಲ್ಲಾ ಎಣಿಸಿದವನಿಗೆ ದಿನವೆಲ್ಲಾ ಅಂಗಡಿಯಲ್ಲಿ ಏನಾಯಿತು ಅಂತ ಹೇಗೆ ಗೊತ್ತಾಗಬೇಕು? ಯಾವ ದಿಕ್ಕಿಗೆ ಎಷ್ಟು ಫೋಟಾನ್ ಹೋಗುತ್ತವೆ ಅನ್ನೋದಕ್ಕೆ ಎಲೆಕ್ಟ್ರಾನ್ ಹೇಗೆ ವರ್ತಿಸುತ್ತದೆ ಅಂತ ಹೇಳುವ ಡಿರಾಕ್ ಸಮೀಕರಣವೇ ಬೇಕಾಯಿತು. ಅದನ್ನು ಹಿಡಿದು 1929ರಲ್ಲಿ ಕ್ಲೈನ್ ಮತ್ತು ನಿಶಿನಾ ಅನ್ನೋ ಇಬ್ಬರು ಭೌತವಿಜ್ಞಾನಿಗಳು ಲೆಕ್ಕ ಬಿಡಿಸಿದರು. ಗೋಲಿ ಆಡಿಕೊಂಡು ಕೂತಿದ್ದರೆ ಅದು ದಕ್ಕುತ್ತಿರಲಿಲ್ಲ.

ಈಗ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. 26 ವರ್ಷ ನಾನೂ ಕರಿಹಲಗೆ ಮೇಲೆ ಕ್ಯಾರಂ ಬೋರ್ಡನ್ನೇ ಬರೆದವನು. ಜೊತೆಗೆ ಬಾಯಲ್ಲಿ 'ಟಕ್' ಅಂತ ಸದ್ದು ಬೇರೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಆಚೆ ಹೋಗೋದು ಅದೇ ಫೋಟಾನಾ?" ಅಂತ ಕೇಳಿದ್ದ. "ಸಿಲಬಸ್‌ನಲ್ಲಿಲ್ಲ, ಕೂತ್ಕೊಳಪ್ಪಾ," ಅಂದಿದ್ದೆ. ಅವನೇನಾದರೂ ಇದನ್ನು ಓದುತ್ತಿದ್ದರೆ: ಅಲ್ಲ ಕಣಪ್ಪಾ, ಅದೇ ಫೋಟಾನ್ ಅಲ್ಲ.

ಅಕ್ಕನ ಮಗಳ ಚಿತ್ರ ಪೆನ್ನಿನದು, ಅಳಿಸಲು ಆಗಲಿಲ್ಲ. ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಎರಡು ಗೆರೆಚಿತ್ರ ಬರೆದುಕೊಟ್ಟೆ. ಅವಳು ಎರಡನೆಯದನ್ನು ಬೆರಳಿಟ್ಟು ನೋಡುತ್ತಾ, "ಇದು ಕೈಸಾಲದ್ದಾ?" ಅಂದಳು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ಕೂಗು: "ಮುದ್ದೆ ಆರ್ತಾ ಇದೆ, ಬನ್ರೋ!" ತಟ್ಟೆ ಮುಂದೆ ಕೂತೆವು. ಉಂಡೆ ನೋಡಿದಳು, ನನ್ನ ಮುಖ ನೋಡಿದಳು, ಬಸ್ಸಾರಿನ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನಗಲು ಶುರು ಮಾಡಿದಳು.