ಚಿಕ್ಕಪ್ಪನ ಹಮ್ಮಿಂಗ್ ಬರ್ಡ್

ಸಾಗರದ ನಮ್ಮ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿಗೆ ಹಾಕುವ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಅವರ ಹೆಬ್ಬೆರಳಿಗೇ ಮುಖ್ಯ ಪಾತ್ರ. ಮೊನ್ನೆಯದರಲ್ಲಿ ಹೆಬ್ಬೆರಳಿನ ಆಚೆ ಕೇಪಳದ ಗೊಂಚಲು, ಅದರೆದುರು ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುವ ಹಸಿರು ಜೀವಿ. ಕೆಳಗೆ ಘೋಷಣೆ: ‘ನಮ್ಮನೆಗೆ ಹಮ್ಮಿಂಗ್ ಬರ್ಡ್ ಬಂತು!’ ನಿಜವಾದ ಹಮ್ಮಿಂಗ್ ಬರ್ಡ್ ಬೇಸಿಗೆಗೆಲ್ಲ ಮನೆಮುಂದೆಯೇ ಕಾಣುವ ನ್ಯೂಜೆರ್ಸಿ ಅಕ್ಕನೂ ಹೃದಯ ಒತ್ತಿದ್ದಳು.

ಫೋನ್ ಮಾಡಿದೆ. “ಚಿಕ್ಕಪ್ಪ, ಆ ಹಕ್ಕಿ ಅಮೆರಿಕ ಖಂಡಗಳು ಬಿಟ್ರೆ ಬೇರೆಲ್ಲೂ ಇಲ್ಲ. ಇದು ಹಾಕ್ ಮಾತ್, ಪತಂಗ. ಮೀಸೆ ನೋಡಿ.”

“ಮೀಸೆ ನಂಗೂ ಇದೆ ಮಾರಾಯ.”

ಮರ್ಯಾದೆ ಉಳಿಸಲು ಹೆನ್ರಿ ವಾಲ್ಟರ್ ಬೇಟ್ಸ್ ಸಂಗತಿ ಹೇಳಿದೆ. 1848ರಿಂದ 11 ವರ್ಷ ಅಮೆಜಾನಿನಲ್ಲಿ ಕೀಟ ಹುಡುಕಿದ ಆ ಪಂಡಿತರೂ ಹಕ್ಕಿಯೆಂದು ಗುಂಡು ಹೊಡೆದು, ಹೋಗಿ ನೋಡಿದರೆ ಪತಂಗ! ಅದೂ ಹಲವು ಸಲ. “ನಾನು ವಿಡಿಯೋ ಮಾತ್ರ ಹೊಡೆದೆ” ಎಂದು ಚಿಕ್ಕಪ್ಪ ಬೀಗಿದರು.

ವಿಡಿಯೋದ ಪತಂಗದ ರೆಕ್ಕೆ ಗಾಜಿನಂಥದ್ದು. ಕೋಶದಿಂದ ಹೊರಬಂದಾಗ ಅದರ ಮೇಲೆ ಪುಡಿ ಇರುತ್ತದೆ. ಮೊದಲ ಹಾರಾಟದಲ್ಲೇ ಅದೆಲ್ಲ ಉದುರಿ ಪಾರದರ್ಶಕ. (ಎಷ್ಟೋ ಕಚೇರಿಗಳಿಗೆ ಇದು ಕಡೆಯವರೆಗೂ ಸಾಧ್ಯವಾಗುವುದಿಲ್ಲ.) ಇದರ ಮರಿಹುಳ ಕಾಫಿ ಎಲೆ ಮೇಯುವ ವಿಷಯ ಮಾತ್ರ ಎತ್ತಲಿಲ್ಲ. ಚಿಕ್ಕಪ್ಪನಿಗೆ ಅಡಿಕೆ ನಡುವೆ ಒಂದಿಷ್ಟು ಕಾಫಿ ಇದೆ.

ಅಷ್ಟರಲ್ಲಿ ಚಿಕ್ಕಮ್ಮ ಫೋನ್ ಕಿತ್ತುಕೊಂಡರು. ನಸುಕಿನಲ್ಲಿ ನಂದಿಬಟ್ಟಲು ಕೊಯ್ದು ದೇವರ ಮುಂದೆ ಬುಟ್ಟಿ ಇಟ್ಟಿದ್ದಾರೆ. ಮಂಗಳಾರತಿ ಹೊತ್ತಿಗೆ ಹೂವಿನ ನಡುವಿನಿಂದ ಬೆರಳುಗಾತ್ರದ ಹಸಿರು ಹುಳವೊಂದು ಎದ್ದು ಗಣಪತಿಯ ಕಡೆ ಹೊರಟಿದೆ. ಮುಂದೆ ಎರಡು ನೀಲಿ ಕಣ್ಣು, ಹಿಂದೆ ಕೊಂಬು. ಗಂಟೆ ಒಂದು ಕಡೆ, ಚಿಕ್ಕಮ್ಮ ಇನ್ನೊಂದು ಕಡೆ.

ಅದೂ ಹಾಕ್ ಮಾತ್ ಕುಟುಂಬದ್ದೇ, ಇನ್ನೊಂದು ಜಾತಿ. ಆ ಕಣ್ಣು ಬರೀ ಚಿತ್ರ, ಕೊಂಬು ಚುಚ್ಚುವುದಿಲ್ಲ. ವಿಷದ ಕಣಗಿಲೆ ಎಲೆಯನ್ನೂ ತಿಂದು ಅರಗಿಸಿಕೊಳ್ಳುವ ಹೊಟ್ಟೆ. ಬೆಳೆದು ಪತಂಗವಾದ ಮೇಲೆ ಇದೂ ಮುಸ್ಸಂಜೆಯಲ್ಲಿ ಹೂವಿನೆದುರು ಗಾಳಿಯಲ್ಲೇ ನಿಂತು, ಸುರುಳಿ ನಾಲಗೆ ಬಿಚ್ಚಿ ಮಕರಂದ ಹೀರುತ್ತದೆ. ಇಷ್ಟೆಲ್ಲ ವಿವರಿಸಿ, ಕೊನೆಯ ಅಸ್ತ್ರವಾಗಿ ಚಿಕ್ಕಮ್ಮನ ಪ್ರೀತಿಯ ಪಪ್ಪಾಯಿ ತೆಗೆದೆ: ಗಂಡು ಗಿಡದಿಂದ ಹೆಣ್ಣು ಗಿಡಕ್ಕೆ ಪರಾಗ ಸಾಗಿಸುವವರಲ್ಲಿ ಈ ಹಾಕ್ ಮಾತ್‌ಗಳೂ ಸೇರಿವೆ, ಕೊಲ್ಲಬೇಡಿ.

“ಕೆಲಸ ಪಪ್ಪಾಯಿ ಗಿಡದಲ್ಲಿ, ಊಟ ನನ್ನ ನಂದಿಬಟ್ಟಲಲ್ಲಾ?” ಎಂದರು ಚಿಕ್ಕಮ್ಮ. “ನಿನ್ನ ಚಿಕ್ಕಪ್ಪನ ಸಂಬಂಧಿಕರೇ ಇರಬೇಕು.”