ಸತ್ಯಾಂಶ: ಹಸುವಿಗೂ 32 ಹಲ್ಲು, ನಮಗೂ 32

ಮುಂಬೈನ ಮಾಟುಂಗಾದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುವ ಸಂದೇಶವೊಂದರ ತಿರುಳು ಇಷ್ಟು: ಮನುಷ್ಯನಿಗೂ ಹಸುವಿಗೂ 32 ಹಲ್ಲು, ಇಬ್ಬರಿಗೂ ಉದ್ದನೆಯ ಕೋರೆಯಿಲ್ಲ, ಆದ್ದರಿಂದ ನಮ್ಮ ಬಾಯಿ ಸಸ್ಯಾಹಾರಕ್ಕೆಂದೇ ರೂಪುಗೊಂಡಿದೆ.

ಎಣಿಕೆ ಸರಿ, ತೀರ್ಮಾನ ತಪ್ಪು. ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳೇ ಇಲ್ಲ, ಅಲ್ಲಿರುವುದು ಗಟ್ಟಿಯಾದ ಒಸಡಿನ ದಿಂಡು. ಮಾರುಕಟ್ಟೆಯ ಬಳಿ ಮೆಲುಕು ಹಾಕುತ್ತ ನಿಂತ ಹಸು ಬಾಯಿ ತೆರೆದಾಗ ಇದನ್ನು ಯಾರಾದರೂ ನೋಡಬಹುದು. ನಮ್ಮ ಹಲ್ಲುಗಳ ಜೋಡಣೆ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳದ್ದೇ: ಪ್ರತಿ ಅರ್ಧ ದವಡೆಯಲ್ಲಿ 2 ಬಾಚಿಹಲ್ಲು, 1 ಕೋರೆ, 2 ಮುಂದವಡೆಹಲ್ಲು, 3 ದವಡೆಹಲ್ಲು.

ಕೋರೆಯ ಉದ್ದದಿಂದ ಆಹಾರವನ್ನು ಊಹಿಸುವುದಂತೂ ಇನ್ನೂ ಕಷ್ಟ. ಬಹುಪಾಲು ಎಲೆ, ಕಾಂಡ, ಹಣ್ಣುಗಳನ್ನೇ ತಿನ್ನುವ ಗಂಡು ಗೊರಿಲ್ಲಾದ ಕೋರೆಗಳು ಭಯ ಹುಟ್ಟಿಸುವಷ್ಟು ದೊಡ್ಡವು, ಏಕೆಂದರೆ ಅವು ಊಟಕ್ಕಿಂತ ಹೆಚ್ಚಾಗಿ ಗಂಡುಗಳ ನಡುವಿನ ಪೈಪೋಟಿಗೆ ಬೇಕಾದವು. ಅದರ ನೆತ್ತಿಯ ಮೇಲಿನ ಎಲುಬಿನ ಏಣು ಮಾತ್ರ ನಾರಿನ ಆಹಾರವನ್ನು ಅರೆಯುವ ಸ್ನಾಯುಗಳಿಗೆ ಹಿಡಿತ ಕೊಡುತ್ತದೆ. ಹಣ್ಣುಪ್ರಿಯ ಚಿಂಪಾಂಜಿ ಮಂಗಗಳನ್ನು ಬೇಟೆಯಾಡುವುದೂ ಉಂಟು. ನಮ್ಮ ಪೂರ್ವಜರ ಕೋರೆಗಳಾದರೋ ಕಲ್ಲಿನ ಉಪಕರಣಗಳಿಗಿಂತ ಮೊದಲೇ ಕುಗ್ಗಿದ್ದವು. (ಸಸ್ಯಾಹಾರವನ್ನು ಆರಿಸಿಕೊಳ್ಳಲು ಹಲ್ಲಿನ ಅನುಮತಿ ಹೇಗೂ ಬೇಕಿಲ್ಲ.)

ಇಂಥ ಸಂದೇಶ ಬಂದಾಗ ಅದು ಎಷ್ಟು ಲಕ್ಷಣಗಳನ್ನು ಹೋಲಿಸಿದೆ, ಯಾವ ಪ್ರಾಣಿಗಳನ್ನು ಬಿಟ್ಟಿದೆ ಎಂದು ನೋಡಬೇಕು. ಬಳಿಕ ಕನ್ನಡಿಯ ಮುಂದೆ ನಿಂತು ನಮ್ಮ ಮೇಲಿನ ಕೋರೆಯ ಮುಂದಿನ ಜಾಗವನ್ನು ಚಿಂಪಾಂಜಿಯ ತಲೆಬುರುಡೆಯ ಚಿತ್ರದೊಂದಿಗೆ ಹೋಲಿಸಬಹುದು: ಅದರಲ್ಲಿ ಕೆಳಗಿನ ಕೋರೆ ಕೂರಲು ಸಂದಿಯಿದೆ, ನಮ್ಮಲ್ಲಿ ಸಾಮಾನ್ಯವಾಗಿ ಇಲ್ಲ.