ಜಾನ್ ಲಾರ್ಡ್ ಮತ್ತು ನಮ್ಮ ಕಾಕಾನ ಪೇಟಿ

ನನ್ನ ಊರು ಗದಗ, ಈಗ ಇರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡಿನಲ್ಲಿ ಆರ್ಗನ್ ನುಡಿಸುತ್ತಿದ್ದ ಜಾನ್ ಲಾರ್ಡ್ ಹುಟ್ಟಿದ್ದು ಇದೇ ಲೆಸ್ಟರ್‌ನಲ್ಲಿ, 1941ರಲ್ಲಿ. ಅವರ ಆರ್ಗನ್ ಕೇಳಿದಾಗಲೆಲ್ಲ ನನಗೆ ಕಾಕಾ ನೆನಪಾಗುತ್ತಾರೆ. ಕಾಕಾ ನಾಟಕ ಕಂಪನಿಯೊಂದರಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಮಾಸ್ತರಾಗಿದ್ದರು.

ಲಾರ್ಡ್ ಚಿಕ್ಕಂದಿನಲ್ಲಿ ಕಲಿತದ್ದು ಶಾಸ್ತ್ರೀಯ ಪಿಯಾನೊ. ಮುಂದೆ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ಆ ಗುಡುಗು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಬ್ಯಾಂಡಿನ ಹೆಸರಾಂತ ಹಾಡು 'ಸ್ಮೋಕ್ ಆನ್ ದ ವಾಟರ್' ಕಟ್ಟಿದ ಐವರಲ್ಲಿ ಅವರೂ ಒಬ್ಬರು. ಜನ ಅದನ್ನೇ ಜಾಸ್ತಿ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ.

1969ರಲ್ಲಿ ಅವರು ರಾಕ್ ಬ್ಯಾಂಡನ್ನೂ ಆರ್ಕೆಸ್ಟ್ರಾವನ್ನೂ ಸೇರಿಸಿ ಒಂದು ಕನ್ಚೆರ್ಟೊ, ಅಂದರೆ ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ, ಬರೆದರು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಡೀಪ್ ಪರ್ಪಲ್ ಜೊತೆ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಮರುವರ್ಷವೇ ಅದರ ಸ್ವರಲಿಪಿ ಕಳೆದುಹೋಯಿತು. ಕೊನೆಗೆ ಮಾರ್ಕೊ ಡಿ ಹೂಯ್ ಎಂಬ ಡಚ್ ಸಂಗೀತಗಾರ ಹಳೇ ಧ್ವನಿಮುದ್ರಣ ಕೇಳಿ, ವಿಡಿಯೊ ನೋಡಿ, ಒಂದೊಂದೇ ವಾದ್ಯದ ಸ್ವರ ಬಿಡಿಸಿ ಬರೆದರು. ಉಳಿದದ್ದನ್ನು ತುಂಬಲು ಲಾರ್ಡ್ ಕೂಡ ಕೂತರು. 1999ರಲ್ಲಿ ಅದೇ ಹಾಲ್‌ನಲ್ಲಿ ಕನ್ಚೆರ್ಟೊ ಮತ್ತೆ ಕೇಳಿಸಿತು.

ಇಲ್ಲಿಯವರು ಎಲ್ಲವನ್ನೂ ಬರೆದಿಡುತ್ತಾರೆ, ನಮ್ಮವರು ಬಾಯಿಪಾಠ ಇಡುತ್ತಾರೆ, ವ್ಯತ್ಯಾಸ ಅಷ್ಟೇ ಅಂದುಕೊಂಡಿದ್ದೆ. ಅಲ್ಲ. ಕಾಗದವೂ ಕಳೆಯುತ್ತದೆ. ಕಳೆದದ್ದನ್ನು ಹುಡುಕಲು ಯಾರಾದರೂ ಕೂತರಾ ಅನ್ನುವುದೇ ವ್ಯತ್ಯಾಸ.

ನಮ್ಮ ಪೇಟಿಗೆ ಮರ್ಯಾದೆಯೂ ತಡವಾಗಿ ಸಿಕ್ಕಿತು. ಪರದೇಶದ ವಾದ್ಯ, ಗಮಕ ಬರುವುದಿಲ್ಲ ಎಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಹೊರಗಿಟ್ಟಿತ್ತು. ನಾಟಕದ ಥಿಯೇಟರಿನಲ್ಲಿ ಮಾತ್ರ ಪೇಟಿ ಇಲ್ಲದೆ ನಾಂದಿ ಪದ್ಯವೇ ಏಳುತ್ತಿರಲಿಲ್ಲ. ನಟನ ಶ್ರುತಿ ಏರಿದರೆ ಕಾಕಾನ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಒಂದು ಪುಟವೂ ಬರೆದಿಡಲಿಲ್ಲ. ನಾವೂ ಕೇಳಲಿಲ್ಲ. ಅದು ನನಗೆ ಈಗಲೂ ನೋವು.

ಲಾರ್ಡ್ 2012ರಲ್ಲಿ ತೀರಿಕೊಂಡರು. ಅವರ ಸ್ವರಗಳನ್ನು ಇವತ್ತು ಯಾವ ಆರ್ಕೆಸ್ಟ್ರಾ ಬೇಕಾದರೂ ನುಡಿಸಬಹುದು. ಕಾಕಾನ ಜೊತೆ ಪಾತ್ರ ಮಾಡುತ್ತಿದ್ದ ಅಜ್ಜಿಯೊಬ್ಬರು ಗದಗದಲ್ಲಿದ್ದಾರೆ. ಭಾನುವಾರ ಫೋನ್ ಮಾಡಿ ಅವರಿಂದ ಹಾಡಿಸುತ್ತೇನೆ, ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಇಲ್ಲಿಯವರೆಗೆ ಎರಡು ಹಾಡು ಪೂರ್ತಿ, ಒಂದರ ಪಲ್ಲವಿ ಸಿಕ್ಕಿದೆ.